ಮೂತ್ರಕೋಶಕ್ಕೆ ಕ್ಯಾಮೆರಾ

ಡಾಕ್ಟರು ಸಿಸ್ಟೋಸ್ಕೋಪಿ ಎಂದು ಬರೆದುಕೊಟ್ಟರೆ ಗಂಡಸರ ಮುಖ ಬಿಳುಚಿಕೊಳ್ಳುತ್ತದೆ. "ಅಲ್ಲಿಂದಾನೇ ಕ್ಯಾಮೆರಾ ಹಾಕ್ತಾರಾ?" ಹೌದು, ಅಲ್ಲಿಂದಲೇ.

ಹೆದರಿದಷ್ಟೇನೂ ಇರುವುದಿಲ್ಲ. ಬಾಗುವ ನಳಿಕೆಯಾದರೆ ಅದು ಪೆನ್ಸಿಲ್‌ಗಿಂತ ತೆಳು. ಮೊದಲು ಮರಗಟ್ಟಿಸುವ ಜೆಲ್ಲಿ ಹಾಕುತ್ತಾರೆ, ತಣ್ಣಗೆ, ಸ್ವಲ್ಪ ಚುರುಕ್ ಅನ್ನುತ್ತದೆ. ಅದು ಕೆಲಸ ಮಾಡಲು ಕೆಲವು ನಿಮಿಷ ಬೇಕು, ಅವಸರ ಮಾಡಬೇಡಿ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ, ಬೇಗ ಮುಗಿಯುತ್ತದೆ. ಗಂಡಸರಿಗೆ ಪ್ರಾಸ್ಟೇಟ್ ದಾಟುವ ಕ್ಷಣವೇ ಕಷ್ಟದ್ದು. ಆಗ ಬಿಗಿಹಿಡಿಯದೆ, ಉಸಿರು ಬಿಡುತ್ತಾ, ಮೂತ್ರ ಮಾಡುವವರ ಹಾಗೆ ಸಡಿಲ ಬಿಡಬೇಕು. ಒಳಗೆ ಸಲೈನ್ ತುಂಬಿದಾಗ ಒತ್ತಿ ಬರುತ್ತದೆ. ನಾಚಿಕೊಳ್ಳುವಂಥದ್ದೇನಿಲ್ಲ, ಎಲ್ಲರಿಗೂ ಹಾಗೇ. ಬರೀ ನೋಡುವುದಾದರೆ ಐದು-ಹತ್ತು ನಿಮಿಷದ ಕೆಲಸ. ಪರದೆ ನಿಮ್ಮ ಕಡೆಗಿದ್ದರೆ ನೀವೂ ನೋಡಬಹುದು. (1879ರಲ್ಲಿ ಜರ್ಮನ್ ವೈದ್ಯ ಮ್ಯಾಕ್ಸ್ ನಿಟ್ಜೆ ತೋರಿಸಿದ ಇಂಥದೇ ಉಪಕರಣದಲ್ಲಿ ಬೆಳಕಿಗೆ ಕಾದ ಪ್ಲಾಟಿನಂ ತಂತಿ ಇತ್ತು, ಅದನ್ನು ತಣಿಸಲು ನೀರು ಹರಿಸಬೇಕಿತ್ತು. ನಾವೇ ಪುಣ್ಯವಂತರು.)

ಕೆಲವು ಕಡೆ ಗಟ್ಟಿ ನಳಿಕೆ ಬಳಸುತ್ತಾರೆ, ಅದಕ್ಕೆ ಬೆನ್ನಿಗೆ ಇಂಜೆಕ್ಷನ್ ಬೇಕಾಗಬಹುದು. ಯಾವುದೆಂದು ಮೊದಲೇ ಕೇಳಿ. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ.

ಆಮೇಲೆ ಒಂದೆರಡು ದಿನ ಉರಿ, ತುಸು ಗುಲಾಬಿ ಬಣ್ಣ ಸಹಜ. ನೀರು ಚೆನ್ನಾಗಿ ಕುಡಿಯಿರಿ. ಚಳಿಜ್ವರ ಬಂದರೆ, ರಕ್ತದ ಗಡ್ಡೆ ಕಂಡರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ಒಮ್ಮೆ ರಕ್ತ ಕಂಡು ತಾನಾಗೇ ನಿಂತಿತೆಂದು ಮಾತ್ರ ಈ ಪರೀಕ್ಷೆ ತಪ್ಪಿಸಬೇಡಿ. ಮೂತ್ರಕೋಶದ ಕ್ಯಾನ್ಸರ್ ಕೂಡ ಹಾಗೆಯೇ ನೋವಿಲ್ಲದೆ ಬಂದುಹೋಗುವ ರಕ್ತದಿಂದ ಶುರುವಾಗಬಹುದು.