ಬೆಂಕಿಗೆ ಕೈ ಹಿಡೀಬ್ಯಾಡ

ನಮ್ಮ ಮಿಲಿಟರಿ ಮಾಮಾನ ಎಡಗೈ ಕಿರುಬೆರಳಿಗೆ ತುದಿಯ ಗೆಣ್ಣಿಲ್ಲ. ಚಿಕ್ಕವರಿದ್ದಾಗ ಅದು ಗುಂಡು ತಾಗಿ ಹೋದದ್ದೆಂದು ನಾವೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆವು. ಅವನೂ ಅಲ್ಲ ಅನ್ನಲಿಲ್ಲ. ಅದು ಹೋದದ್ದು ಹಿಮದ ನಡುವೆ, ಬೆಂಕಿಯಿಂದ, ತನ್ನದೇ ತಪ್ಪಿನಿಂದ ಎಂದು ಅವನು ಬಾಯಿಬಿಟ್ಟದ್ದು ಮೊನ್ನೆ ಡಿಸೆಂಬರಿನಲ್ಲಿ. ಹೊಲದಲ್ಲಿ, ಮೆಣಸಿನಕಾಯಿ ಕಣದ ಪಕ್ಕ ಬೆಂಕಿ ಕಾಯಿಸುತ್ತ ಕೂತಾಗ.

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಲ್ಲಿ ಅವನ ಹೊಲ. ಬಿಡಿಸಿದ ಕಾಯಿ ಕಣದಲ್ಲಿ ಹರವಿತ್ತು, ಇಬ್ಬನಿ ಬೀಳುತ್ತದೆಂದು ಮೇಲೆ ತಾಡಪಾಲು ಹೊಚ್ಚಿದ್ದೆವು. ಬ್ಯಾಡಗಿ ಕಾಯಿಗೆ ಬಣ್ಣವೇ ಬದುಕು. ಖಾರ ಕಡಿಮೆ, ಮೈತುಂಬ ಸುಕ್ಕು, ಕೆಂಪು ಮಾತ್ರ ಕಣ್ಣಿಗೆ ಹೊಡೆಯುವಂಥದ್ದು. ತೇವ ಕುಡಿದು ಬಣ್ಣಗೆಟ್ಟರೆ ಟೆಂಡರಿನಲ್ಲಿ ಕೇಳುವವರಿಲ್ಲ. ಹಾಗಾಗಿ ಕಣಕ್ಕೆ ಕಾವಲು, ಕಾವಲಿಗೆ ಬೆಂಕಿ, ಬೆಂಕಿಗೆ ಹೋದ ವರ್ಷದ ಹತ್ತಿಕಟಗಿ.

ರಾಣೇಬೆನ್ನೂರಿನಿಂದ ನನ್ನ ತಂಗಿಯ ಮಗ ಬಂದಿದ್ದ. ಜನವರಿಗೆ ಕೆನಡಾ, ಎಡ್ಮಂಟನ್ ಎಂಬ ಊರು, ಎರಡು ವರ್ಷದ ಓದು. ಹುಬ್ಬಳ್ಳಿಯಲ್ಲಿ ಕೊಂಡ ದಪ್ಪ ಜಾಕೀಟನ್ನು ತೋರಿಸಲೆಂದು ತಂದವನು, ಬೆಂಕಿಯ ಮುಂದೆ ಅದನ್ನೇ ತೊಟ್ಟು ಕೂತು ಫೋಟೊ ತೆಗೆಸಿಕೊಂಡ. ಹಣೆಯ ಮೇಲೆ ಬೆವರು ಮೂಡಿತ್ತು.

"ಮೊದಲ ಅದನ್ನ ತಗಿ," ಅಂದ ಮಾಮಾ. "ಬೆವತಿ ಅಂದ್ರ ಕೆಟ್ಟಿ."

"ಥಂಡ್ಯಾಗ ಎಲ್ಲಿ ಬೆವರತೈತಿ ಅಜ್ಜಾ?"

"ಥಂಡ್ಯಾಗನ ಬೆವರೂದು ತಮ್ಮಾ. ಹಿಮಾ ಅಂದ್ರ ಏನಂತ ತಿಳದಿ? ಹಿಮಾ ಅಂದ್ರ ಸಲಿಕಿ ಕೆಲಸ."

ನಮ್ಮ ಕಡೆಯವರಿಗೆ ಹಿಮ ಗೊತ್ತಿರುವುದು ಎರಡೇ ರೂಪದಲ್ಲಿ. ಒಂದು, ಬೇಸಿಗೆಯ ಅಡ್ಡಮಳೆಯಲ್ಲಿ ಬೀಳುವ ಆಣೆಕಲ್ಲು. ಇನ್ನೊಂದು, ಬ್ಯಾಡಗಿಯ ಕೋಲ್ಡ್ ಸ್ಟೋರೇಜು. ದರ ಬರಲಿ ಎಂದು ಕಾಯಿಯ ಚೀಲಗಳನ್ನು ಅಲ್ಲಿ ಮಲಗಿಸುತ್ತೇವೆ. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿರುವಾಗ ಹಮಾಲರು ತಲೆಗೆ ಟವೆಲು ಬಿಗಿದುಕೊಂಡು ಒಳಗೆ ಹೋಗುತ್ತಾರೆ. ಅಷ್ಟೇ ನಮ್ಮ ಹಿಮಾಲಯ. ಮಾಮಾ ಮಾತ್ರ ನಿಜವಾದದ್ದನ್ನು ಕಂಡವನು. ಮದ್ರಾಸ್ ರೆಜಿಮೆಂಟು, ವೆಲ್ಲಿಂಗ್ಟನ್ನಿನಲ್ಲಿ ತರಬೇತಿ, ತೊಂಬತ್ತರ ದಶಕದ ಒಂದು ಚಳಿಗಾಲ ಸಿಯಾಚಿನ್. 1984ರ ಏಪ್ರಿಲ್ 13ರಂದು ನಮ್ಮ ಸೈನ್ಯ ಹತ್ತಿದ ಆ ನೀರ್ಗಲ್ಲ ನದಿಗೆ ಅಲ್ಲಿಯ ಜನ ಇಟ್ಟ ಹೆಸರಿನ ಅರ್ಥ ಗುಲಾಬಿಗಳು ಹೇರಳವಾಗಿರುವ ಜಾಗ ಅಂತೆ. ಹೆಸರಿಟ್ಟವರು ಬುಡದ ಕಣಿವೆಯಲ್ಲಿದ್ದವರು, ಮೇಲೆ ಹೋದವರಲ್ಲ ಅನ್ನುವುದು ಮಾಮಾನ ತೀರ್ಮಾನ.

ಆ ರಾತ್ರಿ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದರೆ ಚೆಂದ.

"ಒಮ್ಮೆಲೇ ಮ್ಯಾಲ ಕಳಸೂದಿಲ್ಲ. ಹಂತಹಂತಕ್ಕ ನಿಲ್ಲಿಸಿ, ಉಸಿರಿಗೆ ರೂಢಿ ಮಾಡಿಸಿ ಏರಸ್ತಾರ. ನಡೂದು ಬೆಳಗಿನ ಜಾಂವದಾಗ. ಬಿಸಲ ಬಿತ್ತಂದ್ರ ಹಿಮಾ ಸಡ್ಲ ಆಕೈತಿ, ಕಾಲ ಕೆಳಗ ಬಿರುಕ ಎಲ್ಲೈತೋ ಕಾಣೂದಿಲ್ಲ. ಅದಕ ಎಲ್ಲಾರೂ ಒಂದ ಹಗ್ಗಕ್ಕ ಕಟಗೊಂಡು ಹೊಂಟಿರ್ತೀವಿ, ಹಂತಿ ಎತ್ತಿನ ಸಾಲು ಇದ್ದಂಗ. ಒಬ್ಬ ಬಿದ್ರ ಉಳದಾವ್ರು ಜಗ್ಗಿ ನಿಲ್ಲೂದು. ಸೊಂಟಕ್ಕ ಮತ್ತೊಂದು ತೆಳ್ಳಗಿನ ಕೆಂಪು ದಾರ ಇರ್ತಿತ್ತು, ಉದ್ದನ್ನದು, ಹಿಂದ ಹರದಾಡಕೋತ ಬರೂದು. ಹಿಮಾ ಕುಸದು ಮುಚ್ಚಿದ್ರ ಮನಷಾ ಸಿಗದಿದ್ರೂ ದಾರದ ತುದಿ ಮ್ಯಾಲ ಕಾಣಲಿ ಅಂತ. ಅಷ್ಟ ಬೆಳ್ಳನ್ನದ್ರಾಗ ಕೆಂಪ ಅಂದ್ರ ಅದೊಂದ."

ಇಷ್ಟು ಹೇಳಿ ಕಣದ ಕಡೆ ನೋಡಿದ. ತಾಡಪಾಲಿನ ಒಂದು ಮೂಲೆ ಗಾಳಿಗೆ ಎದ್ದಿತ್ತು. ಎದ್ದು ಹೋಗಿ ಕಲ್ಲು ಹೇರಿ ಬಂದ.

ಒಮ್ಮೆ ಮೂರು ಹಗಲು ಮೂರು ರಾತ್ರಿ ಬಿಡದೆ ಬಿತ್ತಂತೆ. ಪೋಸ್ಟಿನಲ್ಲಿ ಇದ್ದವರು ಬೆರಳೆಣಿಕೆಯ ಮಂದಿ. ಎರಡೆರಡು ತಾಸಿಗೆ ಪಾಳಿ ಹಚ್ಚಿಕೊಂಡು ಸಲಿಕೆ ಹಿಡಿದರು. ಗುಡಿಸಲಿನ ಮಾಡು, ಬಾಗಿಲು, ಪಾಯಖಾನೆಯ ದಾರಿ, ಸೀಮೆಎಣ್ಣೆ ಕ್ಯಾನು ಇಟ್ಟ ಜಾಗ. ಆದರೆ ಎಲ್ಲಕ್ಕಿಂತ ಮೊದಲು ಗಾಳಿಕಿಂಡಿ. ಒಳಗೆ ಬುಖಾರಿ ಎಂಬ ಸೀಮೆಎಣ್ಣೆ ಒಲೆ ಉರಿಯುತ್ತಿರುತ್ತದೆ. ಕಿಂಡಿ ಮುಚ್ಚಿದರೆ ಅದರ ವಿಷದ ಗಾಳಿ ಒಳಗೇ ತುಂಬಿ, ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಅದಕ್ಕೆ ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ಮಾರ್ಕೆಟ್ಟಿನ ಘಾಟಾದರೂ ಸೀನು ಬರಿಸಿ ಎಚ್ಚರಿಸುತ್ತದೆ!

"ಕಳೆ ಕಿತ್ತಂಗ ಅದು," ಅಂದ. "ಇವತ್ತ ಕಿತ್ತೆ, ನಾಳೆ ಮತ್ತ ಬಂತು. ಬ್ಯಾಸರಾಗಿ ಒಂದ ಪಾಳಿ ಬಿಟ್ಟಿ ಅಂದ್ರ ಮುಂದಿನ ಪಾಳ್ಯಾಂವಗ ಬಾಗಲಾ ತಗ್ಯಾಕ ಬರೂದಿಲ್ಲ. ಸಲಿಕಿ ಜೋರ ಹಾಕಿದ್ರ ಬೆವರು, ಬೆವತ್ರ ಒಳಗಿನ ಬನೀನು ಹಸಿ, ನಿಂತ ಕೂಡಲೇ ಆ ಹಸಿ ಮೈಮ್ಯಾಲನ ಹೆಪ್ಪಗಟ್ಟತೈತಿ. ಅದಕ ಸಾವಕಾಶ ಹಾಕೂದು. ಹಾಕೂಮುಂದ ಮ್ಯಾಲಿನದೊಂದು ಬಿಚ್ಚೂದು, ನಿಂತಾಗ ತೊಡೂದು. ಹೊಸಾ ಹುಡುಗ್ರು ಎದಿ ಸೆಟಿಸಿ ಹಾಕ್ತಿದ್ರು. ಅವರನ್ನ ಹಿರ್‍ಯಾರು ಬೈತಿದ್ರು."

"ನೀ ಹೊಸಬಾನೋ ಹಿರಿಯಾನೋ?"

"ನಾನs ಬೈಸ್ಕೊಂಡಾಂವ."

ಮೂರನೆಯ ರಾತ್ರಿ ಸೀಮೆಎಣ್ಣೆ ಕ್ಯಾನಿಗೆ ಕಟ್ಟಿದ್ದ ಹಗ್ಗದ ಗಂಟು ಬಿಚ್ಚಲಾಗಲಿಲ್ಲ. ಮೂರು ಪದರಿನ ಕೈಗವಸಿನಲ್ಲಿ ಗಂಟು ಹಿಡಿತಕ್ಕೆ ಬರುವುದಿಲ್ಲ. ಎಡಗೈಯದನ್ನು ಕಳಚಿದ. ಒಂದು ನಿಮಿಷವೆಂದುಕೊಂಡದ್ದು ಐದಾಯಿತೋ ಹತ್ತಾಯಿತೋ. ಮೊದಲು ಚುಚ್ಚಿತು, ಆಮೇಲೆ ಉರಿಯಿತು, ಆಮೇಲೆ ಏನೂ ಇಲ್ಲ. ನೋವು ಹೋಯಿತೆಂದು ಖುಷಿಯಾಯಿತಂತೆ. ಒಳಗೆ ಬಂದು ಬೆರಳು ನೋಡಿದರೆ ಮೇಣದಬತ್ತಿಯ ಬಣ್ಣ, ಚಿವುಟಿದರೆ ಕಟ್ಟಿಗೆ. ಹೆದರಿದ. ಹೆದರಿದವನು ಏನು ಮಾಡುತ್ತಾನೆ? ಹುಟ್ಟಿದಾಗಿನಿಂದ ಒಲೆ ಮುಂದೆ ಬೆಳೆದ ಹೊಲದ ಹುಡುಗ, ಕೈಯನ್ನು ಬುಖಾರಿಗೆ ಹಿಡಿದ.

"ಸುಟ್ಟಿದ್ದ ಗೊತ್ತಾಗ್ಲಿಲ್ಲ. ಅದಕ ಜೀವಾನ ಇರಲಿಲ್ಲಲ್ಲ. ವಾಸನಿ ಬಂತು, ಯಾರದೋ ಕಂಬಳಿ ಸುಡಾಕತ್ತೈತಿ ಅನ್ಕೊಂಡೆ."

ಮಗ್ಗುಲಲ್ಲಿ ಮಲಗಿದ್ದ ತಮಿಳುನಾಡಿನ ಹುಡುಗನೊಬ್ಬ ಎದ್ದು, ಕೈ ಹಿಂದಕ್ಕೆಳೆದು, ಕೆನ್ನೆಗೊಂದು ಕೊಟ್ಟನಂತೆ. ಆಮೇಲೆ ತನ್ನ ಅಂಗಿಗಳನ್ನೆಲ್ಲ ಸರಿಸಿ, ಕಲ್ಲಿನಂಥ ಆ ಕೈಯನ್ನು ತನ್ನ ಬರಿಹೊಟ್ಟೆಗೆ ಒತ್ತಿಕೊಂಡು ಕೂತ. ಅವನ ಮೈ ನಡುಗುತ್ತಿತ್ತು, ಬಿಡಲಿಲ್ಲ. ಬೆಳಗಿನ ಹೊತ್ತಿಗೆ ನಾಲ್ಕು ಬೆರಳು ನೋಯತೊಡಗಿದವು. "ಆ ನೋವು ಬಂತಲ್ಲ, ಅಷ್ಟ ಚಂದನ ನೋವು ನಾ ಕಂಡಿಲ್ಲ." ಕಿರುಬೆರಳು ಮಾತ್ರ ಬೊಬ್ಬೆಯೆದ್ದು, ಕಪ್ಪಾಗಿ, ಕೆಳಗಿಳಿದ ಮೇಲೆ ತುದಿಗೆಣ್ಣು ಕಳಕೊಂಡಿತು.

ಇದನ್ನು ಕೇಳಿದಾಗ ನನಗೆ 2016ರ ಫೆಬ್ರವರಿ ನೆನಪಾಯಿತು. ಇದೇ ಕಣ, ಇದೇ ಜಾಗ. ಆಗ ಅವನ ಮೇಲೆ ನನಗೆ ಸಿಟ್ಟು ಬಂದಿತ್ತು.

ಆ ಫೆಬ್ರವರಿ 3, ಬುಧವಾರ, ಸಿಯಾಚಿನ್ನಿನ ಸೋನಮ್ ಪೋಸ್ಟಿನ ಮೇಲೆ ಹಿಮದ ಗೋಡೆ ಕುಸಿಯಿತು. 19,600 ಅಡಿ ಎತ್ತರ, 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ. ಹಾಸನ ಕಡೆಯ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ, ಮತ್ತೆ ನಮ್ಮ ಮಗ್ಗುಲಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಶಿಗ್ಗಾವಿ ತಾಲೂಕಿನ ಎಲ್ಲೆ ದಾಟಿದರೆ ಕುಂದಗೋಳ ತಾಲೂಕು, ಬೆಟದೂರು ಅಲ್ಲಿಯದು. ಯಾರೂ ಉಳಿದಿರಲಾರರು ಎಂಬ ಮಾತೇ ಮೊದಲು ಬಂತು. ಮಾಮಾ ರೇಡಿಯೊ ಕೇಳಿ ಸುಮ್ಮನೆ ಕಾಯಿ ತಿರುವಿದ. ಹಿಮದಡಿ ಸಿಕ್ಕವರನ್ನು ಮೊದಲ ಕಾಲು ತಾಸಿನಲ್ಲಿ ತೆಗೆದರೆ ಬಹುತೇಕ ಬದುಕುತ್ತಾರೆ. ಅರ್ಧ ತಾಸು ದಾಟಿದರೆ ಆಸೆ ಕಡಿಮೆ. ಕುಸಿದ ಹಿಮ ನಿಂತ ಮೇಲೆ ಗಚ್ಚಿನಂತೆ ಬಿಗಿಯುತ್ತದೆ. ಅವನಿಗೆ ಈ ಲೆಕ್ಕ ಗೊತ್ತಿತ್ತು.

ಸೋಮವಾರ, 8ರಂದು, ಬ್ಯಾಡಗಿಯಲ್ಲಿ ಮಾರ್ಕೆಟ್ಟಿನ ದಿನ. ಟೆಂಡರು ಮುಗಿಸಿ ಮನೆ ಸೇರಿ ಉಂಡು ಮಲಗುವ ಹೊತ್ತಿಗೆ ಟಿವಿಯಲ್ಲಿ ಬಂತು: ಒಬ್ಬ ಸಿಕ್ಕಿದ್ದಾನೆ, ಜೀವ ಇದೆ, ಅವನು ಹನುಮಂತಪ್ಪ. ಇಪ್ಪತ್ತೈದು ಮೂವತ್ತು ಅಡಿ ಹಿಮದಡಿ, ಆರು ದಿನದ ಮೇಲೆ! ನೀರ್ಗಲ್ಲು ಕೊರೆಯುವ ಯಂತ್ರ, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿ. ಆಸುಪಾಸಿನಲ್ಲಿ ಉಳಿದಿದ್ದ ಒಂದಿಷ್ಟು ಗಾಳಿ ಅವನನ್ನು ಕಾದಿತ್ತು. ಮಂಗಳವಾರ ದೆಹಲಿಯ ಸೈನಿಕ ಆಸ್ಪತ್ರೆಗೆ ತಂದರು. ಆ ದಿನ ನಾನು ಹಾವೇರಿಯಲ್ಲಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುವವರು ಗ್ಲಾಸು ಹಿಡಿದೇ ಟಿವಿಗೆ ಕೈಮುಗಿಯುತ್ತಿದ್ದರು. ಉತ್ತರ ಪ್ರದೇಶದ ಹೆಂಗಸೊಬ್ಬರು ನನ್ನ ಕಿಡ್ನಿ ತಗೊಳ್ಳಿ ಎಂದು ಮುಂದೆ ಬಂದಿದ್ದರು. ಸಂಜೆ ಪೇಡೆ ಕಟ್ಟಿಸಿಕೊಂಡು ಹೊಲಕ್ಕೆ ಹೋದೆ.

ಮಾಮಾ ಪೇಡೆ ಮುಟ್ಟಲಿಲ್ಲ. "ಈಗ ಕಷ್ಟ ಐತಿ," ಅಂದ. "ಥಂಡ್ಯಾಗ ಇದ್ದಾಗ ಇದ್ದ. ಈಗ ಬೆಚ್ಚಗಾಗಬೇಕಲ್ಲ."

ಎಂಥ ಅಪಶಕುನದ ಬಾಯಿ ಅಂದುಕೊಂಡೆ. ಮಾತಾಡದೆ ಎದ್ದು ಬಂದೆ.

ಬೆರಳಿನ ಕಥೆ ಕೇಳಿದ ಮೇಲೆ ಆ ಮಾತು ಅರ್ಥವಾಗುತ್ತದೆ. ಚಳಿ ಮೈಯನ್ನು ಒಂದು ರೀತಿ ನಿದ್ದೆಗೆ ದೂಡುತ್ತದೆ. ಎದೆಬಡಿತ ನಿಧಾನ, ಉಸಿರು ಕಡಿಮೆ, ಹಾಗಾಗಿಯೇ ಇಷ್ಟು ಗಾಳಿಯಲ್ಲಿ ಅಷ್ಟು ದಿನ. ಬೆಚ್ಚಗಾದಾಗ ನಿಂತಿದ್ದ ರಕ್ತ ಮತ್ತೆ ಹರಿಯಬೇಕು. ತಣ್ಣಗಾಗಿದ್ದ ಅಂಗಗಳಿಗೆ ಅದು ಮರಳುವಾಗಲೇ ತೊಡಕು ಶುರು. ವೈದ್ಯರ ಪ್ರಕಟಣೆಯೂ ಮಂಗಳವಾರ ಅದನ್ನೇ ಹೇಳಿತ್ತು, ನಮ್ಮ ಕಿವಿಗೆ ಬಿದ್ದಿರಲಿಲ್ಲ. ಲಿವರು, ಕಿಡ್ನಿ ಸೋತಿದ್ದವು, ನ್ಯುಮೋನಿಯಾ ಆಗಿತ್ತು, ಪ್ರಜ್ಞೆ ಬಂದಿರಲಿಲ್ಲ.

ಗುರುವಾರ ಮತ್ತೆ ಮಾರ್ಕೆಟ್ಟು. ಹನ್ನೊಂದೂಮುಕ್ಕಾಲಕ್ಕೆ ಹನುಮಂತಪ್ಪ ಹೋದರು. ಮೂವತ್ತಮೂರು ವಯಸ್ಸು, ಮನೆಯಲ್ಲಿ ಪುಟ್ಟ ಮಗಳು. ಸುದ್ದಿ ಬಂದಾಗ ನಾವು ದಲಾಲರ ಅಂಗಡಿಯ ಮುಂದೆ ಕಾಯಿಯ ರಾಶಿಯ ಬಳಿ ಇದ್ದೆವು. ಹಮಾಲರು ತೂಕ ನಿಲ್ಲಿಸಿದರು. ಯಾರೂ ಹೇಳಿರಲಿಲ್ಲ.

ಮರುದಿನ ಮಾಮಾ ನಸುಕಿನಲ್ಲೇ ಹೊರಟ. ಹಾವೇರಿಯಲ್ಲಿ ಇಳಿದು ಏಲಕ್ಕಿ ಹಾರ ಕೊಂಡ. ನಮ್ಮ ಹಾವೇರಿಯ ಏಲಕ್ಕಿ ಹಾರ ಮಂತ್ರಿಗಳ ಕೊರಳಿಗೆ ಬೀಳುವುದೇ ಹೆಚ್ಚು, ಅವನಿಗದು ಸಣ್ಣ ಖರ್ಚೂ ಅಲ್ಲ. ಬೆಟದೂರಿನಲ್ಲಿ ಜನವೋ ಜನ. ಹತ್ತಿರ ಹೋಗಲಾಗಲಿಲ್ಲ. ಹಾರವನ್ನು ಮುಂದಿದ್ದವನ ಕೈಗೆ ಕೊಟ್ಟ, ಅವನು ತನ್ನ ಮುಂದಿದ್ದವನಿಗೆ. ತಲೆಗಳ ಮೇಲೆ ಹಾಯ್ದು ಹೋದದ್ದು ಕಾಣಿಸುವವರೆಗೆ ನೋಡಿ, ಗುಂಡು ಹಾರಿಸಿದ ಸದ್ದು ಕೇಳಿ ಬಂದ.

"ಹಂಗಾದ್ರ ಬೆರಳು ಮರಗಟ್ಟಿದ್ರ ಏನ ಮಾಡಬೇಕಜ್ಜಾ?" ಡಿಸೆಂಬರಿನ ಆ ಬೆಂಕಿಯ ಮುಂದೆ ಹುಡುಗ ಕೇಳಿದ. ಜಾಕೀಟು ಬಿಚ್ಚಿ ಮಡಿಚಿಟ್ಟಿದ್ದ.

"ಮೊದಲ ಒಳಗ ಬಾ. ಬೆಂಕಿಗೆ, ಹೀಟರಿಗೆ ಕೈ ಹಿಡೀಬ್ಯಾಡ. ತಿಕ್ಕಬ್ಯಾಡ. ಕೂಸಿಗೆ ಎರಿಯೂ ನೀರು ಇರತೈತಲ್ಲ, ಮತ್ತೊಬ್ಬರು ಮೊಣಕೈ ಅದ್ದಿ ನೋಡಿದ್ರ ಹಿತ ಅನಸಬೇಕು, ಅಂಥಾ ನೀರಾಗ ಇಡು. ನೋವು ಬರೂತನಾ ಇಡು. ಬಣ್ಣ ತಿರುಗದಿದ್ರ ಡಾಕ್ಟರ ಕಡೆ ಓಡು. ಮತ್ತ ಹೊರಗ ಹೋಗಿ ಹೆಪ್ಪಗಟ್ಟಿಸಿಕೊಳ್ಳೂದಿದ್ರ ಕರಗಸಾಕs ಹೋಗಬ್ಯಾಡ. ಕಾರು ಹಿಮದಾಗ ಸಿಕ್ಕಿತಂದ್ರ ಎಂಜಿನ್ ಚಾಲೂ ಮಾಡೂ ಮೊದಲ ಹಿಂದಿನ ಹೊಗಿ ಕೊಳವಿ ಬಿಡಿಸು. ನಮ್ಮ ಗಾಳಿಕಿಂಡಿ ಇದ್ದಂಗ ಅದು."

ಬೆಂಕಿ ಆರುತ್ತ ಬಂದಿತ್ತು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುವ ನಾಡಿನವನಿಗೆ ಇದೆಲ್ಲ ಎಷ್ಟು ತಲೆಯಲ್ಲಿ ಉಳಿದೀತೆಂದು ನನಗೆ ಅನುಮಾನವಿತ್ತು.

ಜನವರಿ ಎರಡನೇ ವಾರ ಹುಡುಗನ ಫೋಟೊ ಬಂತು. ಮೊಣಕಾಲುದ್ದ ಹಿಮ, ಕೈಯಲ್ಲಿ ಕೆಂಪು ಬಣ್ಣದ ಅಗಲ ಸಲಿಕೆ, ಜಾಕೀಟು ಬೇಲಿಗೆ ನೇತುಬಿಟ್ಟಿದ್ದಾನೆ. ಕೆಳಗೆ ಬರೆದಿದ್ದ: ಅಜ್ಜಗ ಹೇಳು, ಸಾವಕಾಶ ಹಾಕಾಕತ್ತೇನಿ. ಸಲಿಕಿಗೆ ಮೂವತ್ತು ಡಾಲರ್.

ಮಾಮಾ ಕನ್ನಡಕ ಏರಿಸಿ ನೋಡಿ, ರೂಪಾಯಿಗೆ ಎಷ್ಟಾಗುತ್ತದೆಂದು ಕೇಳಿದ. ಎರಡು ಸಾವಿರದ ಹತ್ತಿರ ಅಂದೆ.

"ಪ್ಲಾಸ್ಟಿಕ್ಕಿಂದು," ಅಂದ. "ಮೋಸ ಮಾಡ್ಯಾರ."