ಹಳೆಯ ವ್ಯಾನಿಗೆ ಯಾವ ಎಣ್ಣೆ?

“ಉಮ್ಮಾ, ಬಾಪನ ಗಾಡಿ ಬೀಡಿ ಸೇದುತ್ತಿದೆ!”

ಬೆಳಿಗ್ಗೆ ಐದೂವರೆಗೆ ಅಂಗಳದಿಂದ ಚಿಕ್ಕ ಮಗಳು ಕೂಗಿದಾಗ ನಾನು ಒಲೆಯ ಮುಂದಿದ್ದೆ. ಹೊರಗೆ ಬಂದು ನೋಡಿದರೆ ನಮ್ಮ ಓಮ್ನಿಯ ಹಿಂದೆ ನೀಲಿ ಹೊಗೆ. ಎರಡು ನಿಮಿಷದಲ್ಲಿ ಹೊಗೆ ಕರಗಿತು. ನನ್ನವರು ಏನೂ ಆಗದವರಂತೆ ಬ್ರೆಡ್ಡು, ರಸ್ಕು, ಖಾರಿಯ ಟ್ರೇಗಳನ್ನು ಹೇರಿಕೊಂಡು ಹೊರಟರು.

ಆ ವ್ಯಾನೇ ನಮ್ಮ ಅನ್ನ. ಬೆಳ್ತಂಗಡಿಯಿಂದ ಹೊರಟು ಗುರುವಾಯನಕೆರೆ, ಮಡಂತ್ಯಾರು, ವೇಣೂರಿನ ಅಂಗಡಿಗಳಿಗೆ ಬೇಕರಿ ತಿಂಡಿಯ ಲೈನ್‌ಸೇಲ್. ವಾರಕ್ಕೊಮ್ಮೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದವರೆಗೆ. ಮಕ್ಕಳ ಫೀಸು, ಅತ್ತೆಯ ಮದ್ದು ಎಲ್ಲವೂ ಆ ನಾಲ್ಕು ಚಕ್ರದ ಮೇಲೆಯೇ ಉರುಳಬೇಕು. ನಾನು ಬೀಡಿ ಕಟ್ಟಿ ಉಳಿಸಿದ್ದು ಕಷ್ಟಕಾಲಕ್ಕೆ ಮಾತ್ರ. ಈ ಮಾದರಿಯ ಗಾಡಿ ತಯಾರಾಗುವುದು 2019ರಲ್ಲೇ ನಿಂತಿದೆ. 1984ರಲ್ಲಿ ‘ಮಾರುತಿ ವ್ಯಾನ್’ ಎಂದು ಬಂದು, ಮೂವತ್ತೈದು ವರ್ಷ ಊರೂರು ಸುತ್ತಿದ ಗಾಡಿ ಅದು.

ಹೊಗೆಯ ಸುದ್ದಿ ಹರಡಿದ್ದೇ ತಡ, ಸಲಹೆಗಳ ಮಳೆ ಸುರಿಯಿತು. “ಹಳೇ ಇಂಜಿನಿಗೆ ದಪ್ಪ ಎಣ್ಣೆ ಹಾಕಬೇಕು, ಹೊಗೆ ತಾನೇ ನಿಲ್ಲುತ್ತದೆ” ಎಂದರು ಅಂಗಡಿಯವರೊಬ್ಬರು. “ದುಬಾರಿ ಸಿಂಥೆಟಿಕ್ ಹಾಕಿ, ಇಂಜಿನ್ ಹೊಸತಾಗುತ್ತದೆ” ಎಂದರು ಭಾವ. “ಮಾರಿಬಿಡು, ಸಾಲ ಮಾಡಿ ಹೊಸ ಗಾಡಿ ತಗೋ” ಎಂದರು ನೆರೆಯವರು. ಸಾಲ ಎಂಬ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನವರು ಸುಲಭದ ದಾರಿ ಹಿಡಿದರು. ಅಂಗಡಿಯವರು ಹೇಳಿದ ದಪ್ಪ ಎಣ್ಣೆ, 20ಡಬ್ಲ್ಯೂ-50, ತಂದು ಹಾಕಿಸಿದರು. ಹೊಗೆ ಕಡಿಮೆಯಾಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಹೊಗೆ ಮರಳಿ ಬಂತು. ಜೊತೆಗೆ ಬೆಳಗಿನ ಸ್ಟಾರ್ಟಿಗೆ ‘ಟಕಟಕ’ ಎಂಬ ಸದ್ದು ಬೇರೆ.

ಆ ಭಾನುವಾರ ತವರಿಗೆ ಹೊರಟವಳು ದಾರಿಯಲ್ಲಿ ಅವರ ಜೊತೆ ಗ್ಯಾರೇಜಿಗೆ ಇಳಿದೆ. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಸೀಟು ಎತ್ತಿದರು. ಓಮ್ನಿಯಲ್ಲಿ ಇಂಜಿನು ಮುಂದಿನ ಸೀಟಿನ ಕೆಳಗೇ ಅಡಗಿ ಕೂತಿರುತ್ತದೆ. ಕಡ್ಡಿ ಎಳೆದು ನೋಡಿ ಕೇಳಿದರು: “ಸಾವಿರ ಕಿಲೋಮೀಟರಿಗೆ ಎಷ್ಟು ಎಣ್ಣೆ ಕುಡಿಯುತ್ತದೆ?”

ನನ್ನವರು ತಲೆ ಕೆರೆದುಕೊಂಡರು. “ಕೆಲವೊಮ್ಮೆ ಸ್ವಲ್ಪ ಹಾಕುತ್ತೇನಣ್ಣಾ...”

ನನ್ನ ಚೀಲದಲ್ಲಿ ಹಾಲು, ರೇಷನ್ನಿನ ಲೆಕ್ಕದ ಪುಸ್ತಕ ಇತ್ತು. ವ್ಯಾನಿನ ಖರ್ಚನ್ನೂ ಅದರಲ್ಲೇ ಬರೆಯುತ್ತಿದ್ದೆ. ತೆಗೆದು ಓದಿದೆ. ಹಿಂದಿನ ವರ್ಷ ಒಂದು ಎಣ್ಣೆ ಬದಲಾವಣೆಯಿಂದ ಇನ್ನೊಂದರವರೆಗೆ ಹೆಚ್ಚುವರಿಯಾಗಿ ಅರ್ಧ ಲೀಟರ್. ಈ ವರ್ಷ ಮಳೆ ಶುರುವಾದಾಗಿನಿಂದ ತಿಂಗಳಿಗೆ ಅರ್ಧ ಲೀಟರ್. ದಪ್ಪ ಎಣ್ಣೆ ಹಾಕಿದ ತಿಂಗಳು ಸ್ವಲ್ಪ ಕಡಿಮೆ, ಆಮೇಲೆ ಮತ್ತೆ ಅಷ್ಟೇ.

ಅವರು ನನ್ನತ್ತ ತಿರುಗಿದರು. “ಹೊಗೆ ಯಾವಾಗ ಬರುತ್ತದೆ ತಂಗಿ?”

“ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ, ಅಣ್ಣಾ.”

“ಘಾಟಿ ಇಳಿದ ಮೇಲೆ ಎಕ್ಸಲೇಟರ್ ಒತ್ತುವಾಗಲೂ ಬರುತ್ತದೆ” ಎಂದು ನನ್ನವರು ಸೇರಿಸಿದರು. “ಹತ್ತುವಾಗ ಅಷ್ಟಿಲ್ಲ.”

“ಹಾಗಾದರೆ ರಿಂಗ್ ಸವೆದಿರಲಿಕ್ಕಿಲ್ಲ. ರಿಂಗ್ ಹೋದರೆ ಹತ್ತುವಾಗಲೇ ಹೊಗೆ ಜಾಸ್ತಿ. ಇದು ವಾಲ್ವ್ ಸೀಲ್ ಇರಬೇಕು” ಎಂದರು. ಆಮೇಲೆ ಮೂರೂ ಸಿಲಿಂಡರಿನ ಕಂಪ್ರೆಶನ್ ಅಳೆದು ನೋಡಿದರು. ಮೂರರಲ್ಲೂ ಒತ್ತಡ ಚೆನ್ನಾಗಿತ್ತು, ಹೆಚ್ಚುಕಡಿಮೆ ಒಂದೇ ಸಮ. ಬಿಸಿಗೆ ಗಟ್ಟಿಯಾದ ಪುಟ್ಟ ಸೀಲುಗಳ ಸಂದಿಯಿಂದ ರಾತ್ರಿಯಿಡೀ ಎಣ್ಣೆ ಇಳಿದು, ಬೆಳಿಗ್ಗೆ ಉರಿದು ನೀಲಿ ಹೊಗೆಯಾಗುತ್ತಿತ್ತು. ಸೀಲು ಬದಲಿಸಿದರೆ ಸಾಕು, ಇಂಜಿನು ಬಿಚ್ಚಬೇಕಿಲ್ಲ. ನನ್ನ ಬೀಡಿ ಹಣದಲ್ಲೇ ಕೆಲಸ ಮುಗಿಯಿತು. ಸಾಲದ ಮಾತು ಮತ್ತೆ ಎದ್ದಿಲ್ಲ.

ಸೀಲು ಹಾಕುವ ಹೊತ್ತಿಗೆ ನಾನು ಕೇಳಿದೆ, “ಹಾಗಾದರೆ ಯಾವ ಎಣ್ಣೆ ಹಾಕಬೇಕಣ್ಣಾ?” ಅವರು ನಕ್ಕು, “ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದು” ಎಂದರು. ನಮ್ಮ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹಳೆಯ ಬಿಲ್ಲುಗಳ ಅಡಿಯಲ್ಲಿತ್ತು. ನಮ್ಮ ಸೆಖೆಗೆ ಹೊಂದುವ ಗ್ರೇಡು ಎಂದು ಅದರಲ್ಲಿದ್ದದ್ದು 20ಡಬ್ಲ್ಯೂ-40. ಹೊಸ ಗಾಡಿಗಳಿಗೆ ಇನ್ನೂ ತೆಳುವಾದದ್ದು ಬೇಕಾಗುತ್ತದೆ. ಹಾಗಾಗಿ ನಮ್ಮ ಗ್ರೇಡನ್ನು ನೋಡಿ ನೀವು ಹಾಕಬೇಡಿ, ನಿಮ್ಮ ಗಾಡಿಯ ಪುಸ್ತಕ ನೋಡಿ.

ಆ ಅಂಕಿಗಳ ಅರ್ಥ ಅಡುಗೆಮನೆಯಲ್ಲಿ ಇರುವವರಿಗೆ ಬೇಗ ತಿಳಿಯುತ್ತದೆ. ತಣ್ಣಗಿನ ಎಣ್ಣೆ ಮಂದವಾಗಿ ಸುರಿಯುತ್ತದೆ, ಬಾಣಲೆಯಲ್ಲಿ ಕಾದಾಗ ನೀರಿನಂತೆ ಹರಿಯುತ್ತದೆ. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಮೊದಲಿನ ಅಂಕಿ ತಣ್ಣಗಿರುವಾಗಿನ ಹರಿವಿಗೆ, ನಂತರದ್ದು ಇಂಜಿನು ಕಾದಾಗ ಉಳಿಯುವ ದಪ್ಪಕ್ಕೆ. ಬೇಕಾದ್ದಕ್ಕಿಂತ ದಪ್ಪವಾದರೆ ಬೆಳಗಿನ ಮೊದಲ ಕ್ಷಣದಲ್ಲಿ ಮೇಲಿನ ಭಾಗಗಳಿಗೆ ಎಣ್ಣೆ ತಡವಾಗಿ ತಲುಪುತ್ತದೆ. ಆ ‘ಟಕಟಕ’ ಅದೇ. ದಪ್ಪ ಎಣ್ಣೆ ಹೊಗೆಯನ್ನು ಸ್ವಲ್ಪ ದಿನ ಮುಚ್ಚಿಟ್ಟಿತು, ಕಾಯಿಲೆಯನ್ನಲ್ಲ.

ಡಬ್ಬಿಯ ಮೇಲೆ ಇನ್ನೆರಡು ಅಕ್ಷರ ಇರುತ್ತವೆ. ಪೆಟ್ರೋಲ್ ಇಂಜಿನಿನದ್ದು ಎಸ್‌ನಿಂದ ಶುರು, ಡೀಸೆಲಿನದ್ದು ಸಿ ಇಂದ. ಎಸ್ ನಂತರದ ಅಕ್ಷರ ಮುಂದೆ ಹೋದಷ್ಟೂ ಎಣ್ಣೆಯ ಮಟ್ಟ ಹೊಸದು. 2020ರಲ್ಲಿ ಬಂದದ್ದು ಎಸ್‌ಪಿ. ಗ್ರೇಡು ಸರಿಯಿದ್ದರೆ ಹೊಸ ಮಟ್ಟದ್ದನ್ನು ಹಳೆಯ ಪೆಟ್ರೋಲ್ ವ್ಯಾನಿಗೂ ಸಾಮಾನ್ಯವಾಗಿ ಹಾಕಬಹುದು. ಸಿಂಥೆಟಿಕ್ ಕೆಟ್ಟದ್ದಲ್ಲ. ಆದರೆ ಸವೆದ ಸೀಲನ್ನು ಅದು ಹೊಸತು ಮಾಡುವುದಿಲ್ಲ. ಬೈಕಿನ ಎಣ್ಣೆ ಉಳಿದಿದೆಯೆಂದು ವ್ಯಾನಿಗೆ ಸುರಿಯುವುದೂ ಬೇಡ, ಅದನ್ನು ಬೈಕಿನ ಕ್ಲಚ್ಚಿಗೆ ಹೊಂದುವಂತೆ ತಯಾರಿಸಿರುತ್ತಾರೆ.

ಎಣ್ಣೆ ಕಪ್ಪಾಯಿತೆಂದು ಗಾಬರಿಯೂ ಬೇಡವಂತೆ. ಇಂಜಿನಿನ ಕೊಳೆಯನ್ನು ತಾನು ಹೊತ್ತುಕೊಳ್ಳುವುದೂ ಅದರ ಕೆಲಸ. ಆದರೆ ನಮ್ಮದು ಅಂಗಡಿ ಅಂಗಡಿಗೆ ನಿಲ್ಲಿಸಿ ಹೊರಡುವ ಓಡಾಟ. ಇಂಜಿನು ಪೂರ್ತಿ ಕಾಯದೆ ನೀರಿನ ಪಸೆ, ಪೆಟ್ರೋಲು ಎಣ್ಣೆಗೆ ಸೇರಿ ಅದು ಬೇಗ ಕೆಡುತ್ತದೆ. ಆದ್ದರಿಂದ ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ನಾವು ಬದಲಿಸುತ್ತೇವೆ, ಫಿಲ್ಟರ್ ಸಮೇತ. ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು: ಓಡುವಾಗ ಕೆಂಪು ಎಣ್ಣೆ ದೀಪ ಹೊತ್ತಿದರೆ ಮನೆ ಹತ್ತಿರವೇ ಇದ್ದರೂ ತಕ್ಷಣ ಬದಿಗೆ ನಿಲ್ಲಿಸಿ ಇಂಜಿನು ಆಫ್ ಮಾಡಬೇಕು. ನಂತರದ ಒಂದೊಂದು ನಿಮಿಷವೂ ಇಂಜಿನನ್ನು ತಿನ್ನುತ್ತದೆ.

ಮೊದಲು ನನ್ನವರು ಇಳಿಸಿದ ಹಳೆಯ ಎಣ್ಣೆಯನ್ನು ಮನೆಗೆ ತಂದು, ಗೆದ್ದಲು ಹಿಡಿಯದಿರಲೆಂದು ಬೇಲಿಯ ಕಂಬಗಳಿಗೆ ಬಳಿಯುತ್ತಿದ್ದರು. ಬೇಲಿಯ ಪಕ್ಕದಲ್ಲೇ ನಮ್ಮ ಬಾವಿ. 2016ರ ನಿಯಮದಲ್ಲಿ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಸೇರಿಸಿದ್ದಾರೆ. ಈಗ ಅದನ್ನು ಗ್ಯಾರೇಜಿನ ಡ್ರಮ್ಮಿನಲ್ಲೇ ಬಿಟ್ಟು ಬರುತ್ತೇವೆ.

ಪ್ರತಿ ಶುಕ್ರವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ, ಸಮತಟ್ಟಾದ ಅಂಗಳದಲ್ಲಿ ನಮ್ಮಲ್ಲೊಂದು ಕೆಲಸವಿದೆ. ನನ್ನವರು ಸೀಟು ಎತ್ತುತ್ತಾರೆ. ಮಗಳು ಕಡ್ಡಿ ಎಳೆದು, ಹಳೆಯ ಬನಿಯನ್ ತುಂಡಿನಿಂದ ಒರೆಸಿ, ಮತ್ತೆ ಇಳಿಸಿ ಎಳೆಯುತ್ತಾಳೆ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚಾದರೂ ಒಳ್ಳೆಯದಲ್ಲ.

ಮೊನ್ನೆ ಭಾವ ಬಂದವರು, “ಅದೆಂಥ ಎಣ್ಣೆ ಹಾಕಿದಿರಿ, ಹೊಗೆಯೇ ಇಲ್ಲ?” ಎಂದು ಕೇಳಿದರು. ನನ್ನವರು ಉತ್ತರ ಹೇಳುವ ಬದಲು ಒಳಗೆ ಬಂದು ನನ್ನ ಲೆಕ್ಕದ ಪುಸ್ತಕವನ್ನು ತೆಗೆದುಕೊಂಡು ಹೋಗಿ ಅವರ ಕೈಗಿಟ್ಟರು. ಗಂಡಸರ ವಿಷಯವೆಂದು ನಾನು ಇಷ್ಟು ವರ್ಷ ಬಿಟ್ಟುಬಿಟ್ಟಿದ್ದ ಸಂಗತಿಯದು. ಬಾಗಿಲ ಹಿಂದೆ ನಿಂತು ನಾನು ನಗು ತಡೆದುಕೊಂಡೆ.