ಚಿತ್ರ ಹಾಡುವ ಊರು ನಯಾ

ಮಣ್ಣಿನ ಗೋಡೆಯ ಮೇಲೆ ಹುಲಿ, ಅದರ ಪಕ್ಕದಲ್ಲಿ ಮೀನಿನ ಮೆರವಣಿಗೆ, ಬಾಗಿಲ ಮಗ್ಗುಲಿಗೆ ಕಿವಿಯವರೆಗೆ ಕಣ್ಣು ಚಾಚಿದ ದುರ್ಗೆ. ಮುಂದಿನ ಮನೆಯ ಗೋಡೆಯಲ್ಲಿ ಗಿಳಿಗಳು ತುಂಬಿದ ಮರ. ಅದರಾಚೆಯ ಮನೆಯಲ್ಲಿ ಕೃಷ್ಣ ದೋಣಿ ನಡೆಸುತ್ತಿದ್ದಾನೆ. ನಯಾದ ಓಣಿಯಲ್ಲಿ ಕಾಲು ಮುಂದಕ್ಕೆ ಹೋಗುವುದೇ ಇಲ್ಲ.

ಪಶ್ಚಿಮ ಬಂಗಾಳದ ಪಶ್ಚಿಮ ಮೇದಿನೀಪುರ ಜಿಲ್ಲೆ, ಪಿಂಗ್ಲಾ ಸೀಮೆ. ದೂರದಿಂದ ಇದು ಬಂಗಾಳದ ಉಳಿದ ಹಳ್ಳಿಗಳ ಹಾಗೆಯೇ. ಸುತ್ತ ಭತ್ತದ ಗದ್ದೆ, ಬಿದಿರ ಮೆಳೆ, ಬಾಳೆ, ಮನೆಗಳ ನಡುವೆ ‘ಪುಕುರ್’ ಎನ್ನುವ ಪುಟ್ಟ ಕೆರೆಗಳು. ಅವುಗಳಲ್ಲೇ ಮೀನು ಸಾಕಣೆ, ಬಾತುಕೋಳಿ, ಪಾತ್ರೆ ತೊಳೆಯುವುದು, ಸ್ನಾನ ಎಲ್ಲವೂ. ಆದರೆ ಇಲ್ಲಿರುವವರು ಪಟುವಾಗಳು, ‘ಪಟ’ ಎನ್ನುವ ಚಿತ್ರಸುರುಳಿ ಬರೆದು ಅದರ ಕಥೆಯನ್ನು ಹಾಡುವವರು. ಹೆಚ್ಚುಕಡಿಮೆ ಎಲ್ಲರ ಹೆಸರಿನ ಕೊನೆಗೂ ಒಂದೇ ಅಡ್ಡಹೆಸರು: ಚಿತ್ರಕರ್.

ನಾನು ಹೋದ ಮನೆಯ ಅಜ್ಜಿ ‘ಬೋಶೋ, ಬೋಶೋ’ ಎಂದು ಜಗಲಿಯಲ್ಲಿ ಚಾಪೆ ಹಾಸಿದರು. ಪಕ್ಕದ ಸಬಂಗ್ ಸೀಮೆಯಲ್ಲಿ ನೇಯುವ ಮಾದೂರ್ ಚಾಪೆ ಅದು. ಒಂದು ಬಟ್ಟಲಲ್ಲಿ ಮುಡಿ, ಅಂದರೆ ನಮ್ಮ ಮಂಡಕ್ಕಿ, ಬಂತು. ಆಮೇಲೆ ಒಳಗಿನಿಂದ ಒಂದು ಸುರುಳಿ ತಂದರು. ಕಾಗದಗಳನ್ನು ಒಂದಕ್ಕೊಂದು ಸೇರಿಸಿ, ಹಿಂಬದಿಗೆ ಹಳೆಯ ಸೀರೆಯ ಬಟ್ಟೆ ಅಂಟಿಸಿ ಗಟ್ಟಿ ಮಾಡಿದ ಸುರುಳಿ. ಅದನ್ನು ಒಮ್ಮೆಲೇ ಹರಡಲಿಲ್ಲ. ಮೊದಲ ಚಿತ್ರ ಕಾಣುವಷ್ಟೇ ಬಿಚ್ಚಿ, ಬಲಗೈಯ ತೋರುಬೆರಳನ್ನು ಅದರ ಮೇಲಿಟ್ಟು, ಹಾಡಲು ಶುರುಮಾಡಿದರು.

ಹಾಡು ಮನಸಾದೇವಿಯದು. ಹಾವುಗಳ ಒಡತಿಯಾದ ಆಕೆಗೆ ಕೈಮುಗಿಯಲಾರೆನೆಂದು ಹಟ ಹಿಡಿದ ವ್ಯಾಪಾರಿ ಚಾಂದ್ ಸದಾಗರ್, ಮಗ ಲಖೀಂದರನ ಮದುವೆಯ ರಾತ್ರಿಗೆಂದು ಕಬ್ಬಿಣದ ಕೋಣೆ ಕಟ್ಟಿಸುತ್ತಾನೆ. ಹಾವು ಅಲ್ಲಿಗೂ ನುಸುಳುತ್ತದೆ. ಅಜ್ಜಿಯ ಬೆರಳು ಆ ನೂಲಿನಂಥ ಹಾವಿನ ಮೈಮೇಲೆ ಮೆಲ್ಲಗೆ ಹರಿಯಿತು. ಹಾಡು ಕೆಳದನಿಗಿಳಿಯಿತು. ಕೈ ಸುರುಳಿಯನ್ನು ಕೆಳಕ್ಕೆ ಸರಿಸಿದಾಗ ಬಾಳೆದಿಂಡಿನ ತೆಪ್ಪ ಬಂತು. ಅದರಲ್ಲಿ ಗಂಡನ ಹೆಣವನ್ನು ಮಡಿಲಲ್ಲಿಟ್ಟುಕೊಂಡು ಹೊಳೆಯಲ್ಲಿ ತೇಲುತ್ತಿರುವ ಬೆಹುಲಾ. ದೇವಲೋಕ ಮುಟ್ಟಿ, ದೇವರುಗಳೆದುರು ಕುಣಿದು, ಗಂಡನ ಜೀವವನ್ನು ಮರಳಿ ಪಡೆಯುವ ಹೆಣ್ಣು ಅವಳು. ನನಗೆ ಬಂಗಾಳಿ ಅರ್ಧಂಬರ್ಧ. ಆದರೂ ಒಂದು ಎಳೆಯೂ ತಪ್ಪಲಿಲ್ಲ. ಅಜ್ಜಿಯ ಬೆರಳು ಎಲ್ಲವನ್ನೂ ಹೇಳುತ್ತಿತ್ತು.

ಹೀಗೆ ಹಾಡಿದವರು ಮುಸಲ್ಮಾನರು. ನಯಾದ ಪಟುವಾಗಳು ನಮಾಜು ಮಾಡುವವರು, ಈದ್ ಆಚರಿಸುವವರು. ಅವರು ತಲೆಮಾರುಗಳಿಂದ ಬರೆದು ಹಾಡಿಕೊಂಡು ಬಂದದ್ದು ಮನಸಾ, ಚಂಡಿ, ರಾಮ, ಕೃಷ್ಣರ ಕಥೆಗಳನ್ನು. ಜೊತೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಸತ್ಯಪೀರನ ಕಥೆಯನ್ನು. ಇದರಲ್ಲಿ ವಿಚಿತ್ರವೇನೂ ಅವರಿಗೆ ಕಾಣುವುದಿಲ್ಲ. ಅಪ್ಪ ಹಾಡಿದ್ದ, ತಾತ ಹಾಡಿದ್ದ, ನಾವು ಹಾಡುತ್ತೇವೆ, ಅಷ್ಟೇ. ನಮ್ಮ ಕಾಲದಲ್ಲಿ ಇಷ್ಟು ಸಹಜವಾಗಿ ಈ ಮಾತು ಆಡುವವರು ಸಿಕ್ಕುವುದೇ ನನಗೆ ದೊಡ್ಡ ಸೋಜಿಗ.

ಬಣ್ಣಗಳೆಲ್ಲ ಹಿತ್ತಲಲ್ಲಿವೆ. ನೀಲಿಗೆ ಶಂಖಪುಷ್ಪ, ಹಳದಿಗೆ ಅರಿಸಿನ, ಹಸಿರಿಗೆ ಅವರೆ ಎಲೆ, ಕಪ್ಪಿಗೆ ದೀಪದ ಮಸಿ, ಬಿಳಿಗೆ ಕುಸುಮ್ ಮಾಟಿ ಎಂಬ ಜೇಡಿ. ಅಜ್ಜಿಯ ಮೊಮ್ಮಗಳು ತೇಗದ ಚಿಗುರೆಲೆಯೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು ತಿಕ್ಕಿದಳು. ಹಸಿರೆಲೆ ಕ್ಷಣದಲ್ಲಿ ಕೆಂಪು ಕಾರಿತು. ಕೈ ತೊಳೆದರೂ ಹೋಗಲಿಲ್ಲ. ಈ ರಸಗಳನ್ನು ತೆಂಗಿನ ಕರಟದಲ್ಲಿ ಹಾಕಿ, ಬಿಲ್ವದ ಕಾಯಿಯ ಅಂಟು ಬೆರೆಸಿ ಬಿಸಿಲಿಗಿಡುತ್ತಾರೆ. ಬಣ್ಣ ಕಾಗದವನ್ನು ಕಚ್ಚಿ ಹಿಡಿಯುವುದು ಆ ಅಂಟಿನಿಂದ.

ಹಿಂದೆ ಪಟುವಾ ಸುರುಳಿಗಳ ಜೋಳಿಗೆ ಹೊತ್ತು ಊರೂರು ಅಲೆಯುತ್ತಿದ್ದ. ಅಂಗಳದಲ್ಲಿ ಕಥೆ ಹಾಡಿದರೆ ಅಕ್ಕಿ, ತರಕಾರಿ, ಹಳೆಯ ಬಟ್ಟೆ ಸಿಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಗೆ ಹೋಗಿ ಕಾಳಿಘಾಟಿನ ಗುಡಿಯ ಸುತ್ತ ನೆಲೆಸಿದ ಪಟುವಾಗಳಿಂದಲೇ ಹೆಸರಾಂತ ಕಾಳಿಘಾಟ್ ಚಿತ್ರಶೈಲಿ ಹುಟ್ಟಿತು. ಚಿತ್ರಕಲಾವಿದ ಜಾಮಿನಿ ರಾಯ್ ತಮ್ಮ ಗೆರೆಯನ್ನು ಹುಡುಕಿಕೊಂಡದ್ದು ಈ ಪಟಗಳಲ್ಲಿ. ಐಸಿಎಸ್ ಅಧಿಕಾರಿಯಾಗಿದ್ದ ಗುರುಸದಯ್ ದತ್ತ ಹಳ್ಳಿ ಸುತ್ತಿ ಪಟಗಳನ್ನು ಕೂಡಿಟ್ಟರು, ಹಾಡುಗಳನ್ನೂ ಬರೆದುಕೊಂಡರು. ಹಾಡನ್ನು ಬಿಡಲಿಲ್ಲವಲ್ಲ, ಅದಕ್ಕಾಗಿ ಅವರ ಬಗ್ಗೆ ನನಗೆ ಹೆಚ್ಚು ಗೌರವ.

ಸಿನಿಮಾ, ಟೀವಿ ಬಂದ ಮೇಲೆ ಅಂಗಳದ ಕೇಳುಗರು ಕರಗಿದರು. ಎಷ್ಟೋ ಪಟುವಾಗಳು ಕೂಲಿಗೆ ಇಳಿದರು. ನಯಾ ಮಾತ್ರ ಕುಂಚ ಕೆಳಗಿಡಲಿಲ್ಲ. ಇದಕ್ಕೆ ಒಂದು ಕಾರಣ ಹೆಂಗಸರು. ಗಂಡಸರ ಕಸುಬಾಗಿದ್ದ ಹಾಡನ್ನೂ ಪಟವನ್ನೂ ಹಿರಿಯ ಕಲಾವಿದ ದುಖುಶ್ಯಾಮ್ ಚಿತ್ರಕರ್ ಹೆಣ್ಣುಮಕ್ಕಳಿಗೆ ಕಲಿಸಿದರು. ಸ್ವರ್ಣ ಚಿತ್ರಕರ್ ಅವರಂಥವರು ದೇಶ ದಾಟಿ ಹೋಗಿ ಹಾಡಿದರು. ಇನ್ನೊಂದು ಕಾರಣ, ಸುರುಳಿಯೊಳಗೆ ಹೊಸ ಸುದ್ದಿಗೂ ಜಾಗವಿದೆ. 2004ರ ಸುನಾಮಿ, ನ್ಯೂಯಾರ್ಕಿನ ಅವಳಿ ಗೋಪುರಗಳ ಕುಸಿತ, ಏಡ್ಸ್, ಕೊರೊನಾ ಎಲ್ಲವೂ ಪಟವಾಗಿ, ಪದವಾಗಿ ಬಂದಿವೆ. ಸುನಾಮಿಯ ಪಟ ನೋಡಿದೆ: ದೊಡ್ಡ ಕಣ್ಣುಗಳ ರಕ್ಕಸಿಯೊಬ್ಬಳು ಅಲೆಯಾಗಿ ನಿಂತು ಮನೆ, ಮರ, ಮಕ್ಕಳನ್ನೆಲ್ಲ ಬಾಚಿಕೊಳ್ಳುತ್ತಿದ್ದಾಳೆ. ಮನಸೆಯನ್ನು ಬರೆದ ಕೈ ಸಮುದ್ರವನ್ನು ಬೇರೆ ಹೇಗೆ ತಾನೇ ಬರೆದೀತು?

2010ರಿಂದ ನವೆಂಬರಿನಲ್ಲಿ ಇಲ್ಲಿ ‘ಪಟಮಾಯಾ’ ಎಂಬ ಮೇಳ ನಡೆಯುತ್ತಿದೆ. ಬಂಗಾಳದ ಪಟಚಿತ್ರಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸೀರೆ, ಕೊಡೆ, ಕೆಟಲ್, ಟೀಶರ್ಟುಗಳ ಮೇಲೆ ಇದೇ ಮೀನು, ಇದೇ ಗಿಳಿ. ಅದರಿಂದ ಮನೆಗಳಿಗೆ ದುಡ್ಡು ಬಂದಿದೆ, ಮಕ್ಕಳು ಓದುತ್ತಿದ್ದಾರೆ; ಅದು ಸಂತೋಷವೇ. ಆದರೆ ಕೊಳ್ಳುವವರಿಗೆ ಬೇಕಾದದ್ದು ಗೋಡೆಗೆ ತೂಗುಹಾಕುವ ಚಿತ್ರ. ಚಿತ್ರಕ್ಕೆ ಬೆಲೆ ಇದೆ, ಹಾಡಿಗಿಲ್ಲ. ಬೆಲೆಯಿಲ್ಲದ್ದನ್ನು ಎಳೆಯರು ಎಷ್ಟು ದಿನ ಬಾಯಿಪಾಠ ಮಾಡಿಯಾರು?

ಬೆಂಗಳೂರಿನಿಂದ ಹೌರಾಕ್ಕೆ ಹೋಗುವ ರೈಲುಗಳು ಖರಗ್‌ಪುರದ ಮೇಲೆಯೇ ಹಾಯುತ್ತವೆ. ಅಲ್ಲಿ ಇಳಿದು ಹೌರಾ ಕಡೆಯ ಲೋಕಲ್ ಹಿಡಿದರೆ ಬಾಲಿಚಕ್ ನಿಲ್ದಾಣ. ಅಲ್ಲಿಂದ ನಯಾಕ್ಕೆ ರಸ್ತೆ ಇದೆ. ಬಂಗಾಳಕ್ಕೆ ಹೋಗುವ ಕನ್ನಡಿಗರು ಒಂದು ದಿನವನ್ನು ಈ ಊರಿಗೆ ಇಟ್ಟುಕೊಳ್ಳಿ. ಪಟ ಕೊಳ್ಳುವ ಮುನ್ನ ಅದನ್ನು ಪೂರ್ತಿ ಹಾಡಿಸಿ ಕೇಳಿ. ಹಾಡಿಗೂ ಬೇರೆಯಾಗಿ ದುಡ್ಡು ಕೊಡಿ.